ಶಾಸನದ ತೇದಿಯೂ ಗಣಕಯಂತ್ರದ ಮೌಲ್ಯವೂ

ಶಾಸನಾಧ್ಯಯನವನ್ನು ಆರಂಭಿಸುವ ವಿದ್ಯಾರ್ಥಿಗೆ ಮೊತ್ತಮೊದಲು ಕಲಿಸಬೇಕಾದ ಪಾಠವೆಂದರೆ, ಕಲ್ಲಿನ ಮೇಲಿರುವುದು ಬೇರೆ, ನಾವು ಓದಿಕೊಂಡದ್ದು ಬೇರೆ, ಓದಿದುದರಿಂದ ನಿರ್ಣಯಿಸಿದ ಕಾಲ ಬೇರೆ ಎಂಬುದು. ಈ ಮೂರನ್ನೂ ಒಂದೇ ಎಂದು ಭಾವಿಸಿ ಬರೆದ ಇತಿಹಾಸವು ಎಂತಹುದಾಗುತ್ತದೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಇದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿರುವ ನಾವೇ ಅದನ್ನು ಮರೆತ ಪ್ರಸಂಗವೊಂದು ಒದಗಿತು. ಪ್ರಸ್ತುತ ಲೇಖನಕ್ಕೆ ಅದೇ ಪ್ರೇರಣೆ.

ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿಗಳು ತಾವು ಕಂಡ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನಗಳನ್ನು ಸ್ಥಳದಿಂದಲೇ ವರದಿ ಮಾಡಲು ಅನುಕೂಲವಾಗಲೆಂದು ನಾವು ಒಂದು ಸಣ್ಣ ವೆಬ್ ಅಪ್ಲಿಕೇಷನ್ನನ್ನು ಸಿದ್ಧಪಡಿಸಿಕೊಂಡಿದ್ದೆವು. ಅದರ ಫಾರಮಿನಲ್ಲಿ ಶಕವರ್ಷಕ್ಕೆಂದು ಒಂದು ಚೌಕವಿದ್ದಿತು. ಅಲ್ಲಿ ತುಂಬಿದ ಸಂಖ್ಯೆಗೆ ಯಂತ್ರವು 78ನ್ನು ಕೂಡಿಸಿ ಕ್ರಿಸ್ತಶಕದ ವರ್ಷವನ್ನು ಬರೆದುಕೊಳ್ಳುತ್ತಿತ್ತು. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಬಂಧಕ್ಕಾಗಿ ಈ ದಾಖಲೆಗಳನ್ನು ಶತಮಾನವಾರು ವಿಂಗಡಿಸಿ ಒಂದು ನಕ್ಷೆಯನ್ನು ತಯಾರಿಸಿದಾಗ, ಕ್ರಿ.ಶ. ಒಂದನೆಯ ಶತಮಾನದ ಮೇಲೆ ಒಂದು ಎತ್ತರವಾದ ಕಂಬವು ಎದ್ದು ನಿಂತಿತು. ಹಲ್ಮಿಡಿಗಿಂತ ಮುನ್ನೂರೈವತ್ತು ವರ್ಷಗಳಿಗೂ ಹಿಂದಿನ ಕನ್ನಡ ವೀರಗಲ್ಲುಗಳು! ಪಾಪ, ಆಕೆ ಅದಕ್ಕೆ ಶಾತವಾಹನರ ಕಾಲದ ಹಿನ್ನೆಲೆಯನ್ನು ಜೋಡಿಸಿ ಒಂದು ಪುಟವನ್ನೂ ಬರೆದಿದ್ದರು. ಪ್ರಬಂಧವು ಬೈಂಡಿಗೆ ಹೋಗಲು ಕೆಲವೇ ದಿನಗಳಿದ್ದವು. ವಿಚಾರಿಸಿ ನೋಡಿದಾಗ ತಿಳಿದುಬಂದದ್ದಿಷ್ಟು: ತೇದಿಯಿಲ್ಲದ ಕಲ್ಲುಗಳನ್ನು ವರದಿ ಮಾಡಿದವರು ಆ ಚೌಕವನ್ನು ಖಾಲಿ ಬಿಟ್ಟಿದ್ದರು. ಯಂತ್ರವು ಖಾಲಿಯನ್ನು ಸೊನ್ನೆಯೆಂದು ಗ್ರಹಿಸಿ, ಸೊನ್ನೆಗೆ 78ನ್ನು ಕೂಡಿಸಿ, ಅವನ್ನೆಲ್ಲ ಕ್ರಿ.ಶ. 78ಕ್ಕೆ ಸೇರಿಸಿತ್ತು. ತಪ್ಪು ವಿದ್ಯಾರ್ಥಿನಿಯದಲ್ಲ, ಫಾರಮನ್ನು ರಚಿಸಿದ ನಮ್ಮದು. ಈ ತಪ್ಪು ಅಸಂಭವವಾದ ಶತಮಾನದಲ್ಲಿ ಬಿದ್ದದ್ದರಿಂದ ಸಿಕ್ಕಿಬಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಬಿದ್ದಿದ್ದರೆ ಯಾರ ಕಣ್ಣಿಗೂ ಬೀಳದೆ ಪ್ರಬಂಧದಿಂದ ಗ್ರಂಥಕ್ಕೂ, ಗ್ರಂಥದಿಂದ ಪಠ್ಯಕ್ಕೂ ಸಾಗಿಹೋಗುತ್ತಿತ್ತು.

ಇದು ಹೇಗಾಯಿತೆಂಬುದನ್ನು ಗ್ರಹಿಸಬೇಕಾದರೆ ವೆಬ್ ಅಪ್ಲಿಕೇಷನ್ನಿಗೆ ಹೊರಗಿನಿಂದ ಬಂದು ಮುಟ್ಟುವುದು ಏನೆಂಬುದನ್ನು ಅರಿಯಬೇಕು. ಫಾರಮಿನಲ್ಲಿ ನಾವು ಸಂಖ್ಯೆಯನ್ನು ತುಂಬಲಿ, ದಿನಾಂಕವನ್ನು ತುಂಬಲಿ, ಹೌದು-ಅಲ್ಲಗಳ ಗುರುತನ್ನು ಹಾಕಲಿ, ಬ್ರೌಸರು ಅದನ್ನು ಸರ್ವರಿಗೆ ಕಳುಹಿಸುವುದು ಬರಿಯ ಅಕ್ಷರಗಳ ಸರವಾಗಿ. ಗಣಕಶಾಸ್ತ್ರದವರು ಇದನ್ನು ಸ್ಟ್ರಿಂಗ್ ಎನ್ನುತ್ತಾರೆ. ಅಲ್ಲಿ 1, 4, 3, 0 ಎಂಬ ನಾಲ್ಕು ಚಿಹ್ನೆಗಳಿರುತ್ತವೆಯೇ ಹೊರತು ಸಾವಿರದ ನಾನೂರ ಮೂವತ್ತು ಎಂಬ ಸಂಖ್ಯೆಯಿರುವುದಿಲ್ಲ. ಆ ಚಿಹ್ನೆಗಳಿಂದ ಸಂಖ್ಯೆಯನ್ನೋ ದಿನಾಂಕವನ್ನೋ ನಿರ್ಮಿಸಿ, ಅದರ ಮೇಲೆ ಯಾವ ಕ್ರಿಯೆಗಳು ಸಲ್ಲುತ್ತವೆ, ಯಾವುವು ಸಲ್ಲವು ಎಂಬುದನ್ನು ಗೊತ್ತುಪಡಿಸುವುದಕ್ಕೆ ಟೈಪ್ ಕೊಡುವುದು ಎಂದು ಹೆಸರು. ಕಲ್ಲಿನ ಅಕ್ಷರಕ್ಕೂ ನಿರ್ಣೀತವಾದ ಕಾಲಕ್ಕೂ ಇರುವ ಸಂಬಂಧವೇ ಈ ಸ್ಟ್ರಿಂಗಿಗೂ ಟೈಪುಳ್ಳ ಮೌಲ್ಯಕ್ಕೂ ಇದೆಯೆಂದರೆ ಇತಿಹಾಸದ ವಾಚಕರಿಗೆ ಸುಲಭವಾಗಿ ಮನದಟ್ಟಾದೀತು.

ಈ ಪರಿವರ್ತನೆಯಲ್ಲಿ ಪ್ರತಿಯೊಂದು ಗಣಕಭಾಷೆಗೂ ಅದರದೇ ಔದಾರ್ಯವುಂಟು. ಔದಾರ್ಯವೇ ಇಲ್ಲಿ ಅಪಾಯಕಾರಿ. ವೆಬ್ಬಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಜಾವಾಸ್ಕ್ರಿಪ್ಟಿನ 'ನಂಬರ್' ಎಂಬ ಸಾಧನಕ್ಕೆ ಖಾಲಿ ಸರವನ್ನು ಕೊಟ್ಟರೆ ಅದು ನಿಸ್ಸಂಕೋಚವಾಗಿ ಸೊನ್ನೆಯನ್ನು ಕೊಡುತ್ತದೆ. ನಮ್ಮ ಕ್ರಿ.ಶ. 78ರ ವೀರಗಲ್ಲುಗಳು ಹುಟ್ಟಿದ್ದು ಹೀಗೆ. ಅದೇ ಭಾಷೆಯ 'ಪಾರ್ಸ್‌ಇಂಟ್' ಎಂಬ ಇನ್ನೊಂದು ಸಾಧನವು ಖಾಲಿಯನ್ನು ಒಪ್ಪುವುದಿಲ್ಲ. ಆದರೆ ಎಡದಿಂದ ಓದುತ್ತ ಹೋಗಿ, ಅಂಕಿಯಲ್ಲದ ಚಿಹ್ನೆ ಎದುರಾದೊಡನೆ ನಿಂತು, ಅಲ್ಲಿಯವರೆಗೆ ಓದಿದುದನ್ನೇ ಉತ್ತರವೆಂದು ಒಪ್ಪಿಸುತ್ತದೆ. ಸವೆದ ಅಂಕಿಯನ್ನು ಶಾಸನಪಾಠದಲ್ಲಿ ಚೌಕಕಂಸದಲ್ಲಿ ಬರೆಯುವುದು, ಇಲ್ಲವೆ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಡುವುದು ನಮ್ಮಲ್ಲಿ ರೂಢಿಯಷ್ಟೆ. 14?0 ಎಂದು ಎಚ್ಚರದಿಂದ ಬರೆದ ವಿದ್ಯಾರ್ಥಿಯ ಶಕವರ್ಷವು ಈ ಸಾಧನದ ಕೈಯಲ್ಲಿ 14 ಆಗಿಬಿಡುತ್ತದೆ; ವಿಜಯನಗರದ ಕಲ್ಲು ಕ್ರಿ.ಶ. 92ಕ್ಕೆ ಸೇರುತ್ತದೆ. ಎಚ್ಚರವಿಲ್ಲದವನು ಊಹಿಸಿ 1430 ಎಂದು ಬರೆದಿದ್ದರೆ ಸರಿಯಾಗಿಯೇ ನಮೂದಾಗುತ್ತಿತ್ತು. ಪ್ರಾಮಾಣಿಕನಿಗೆ ದಂಡ ವಿಧಿಸುವ ಇಂತಹ ಫಾರಮು ಎಷ್ಟು ಸುಂದರವಾಗಿದ್ದರೇನು?

ಹೌದು-ಅಲ್ಲಗಳ ವಿಷಯವೂ ಇಂತಹುದೇ. ಗುರುತಿನ ಚೌಕವನ್ನು ಮುಟ್ಟದೆ ಬಿಟ್ಟರೆ ಆ ಹೆಸರೇ ಸರ್ವರಿಗೆ ಬರುವುದಿಲ್ಲ. 'ಫಾಲ್ಸ್' ಎಂಬ ಪದವು ಅಕ್ಷರಗಳಾಗಿ ಬಂದರೆ, ಖಾಲಿಯಲ್ಲದ ಸರವೆಲ್ಲವೂ ಸತ್ಯವೆಂಬ ನಿಯಮದಂತೆ ಜಾವಾಸ್ಕ್ರಿಪ್ಟು ಅದನ್ನು ಸತ್ಯವೆಂದೇ ಎಣಿಸುತ್ತದೆ.

ಕನ್ನಡದ ಅಂಕಿಗಳ ಮಾತು ಇಲ್ಲಿ ಬರಲೇಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ೧೪೩೦ ಎಂದು ಕನ್ನಡದಲ್ಲಿಯೇ ತುಂಬುತ್ತಾರೆ, ತುಂಬುವುದು ನ್ಯಾಯವೇ. ಪೈಥಾನ್ ಭಾಷೆಯ 'ಇಂಟ್' ಇದನ್ನು ಸಾವಿರದ ನಾನೂರ ಮೂವತ್ತೆಂದು ಓದಿಕೊಳ್ಳುತ್ತದೆ, ಏಕೆಂದರೆ ಯೂನಿಕೋಡ್ ದಶಾಂಶ ಅಂಕಿಗಳೆಲ್ಲವನ್ನೂ ಅದು ಒಪ್ಪುತ್ತದೆ. ಜಾವಾಸ್ಕ್ರಿಪ್ಟಾದರೋ ಇದು ಸಂಖ್ಯೆಯೇ ಅಲ್ಲವೆಂದು ತಿರಸ್ಕರಿಸುತ್ತದೆ. ಹೀಗೆ ಒಂದೇ ಅಪ್ಲಿಕೇಷನ್ನಿನ ಎರಡು ಭಾಗಗಳು ಎರಡು ಭಾಷೆಗಳಲ್ಲಿದ್ದರೆ, ಒಂದೇ ತೇದಿ ಒಂದು ಕಡೆ ಸಿಂಧುವೂ ಇನ್ನೊಂದು ಕಡೆ ಅಸಿಂಧುವೂ ಆಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಸೊನ್ನೆಯ ಸಮಸ್ಯೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಬಹುಮಟ್ಟಿಗೆ ಒಂದೇ. ಯೂನಿಕೋಡಿನಲ್ಲಿ ಅವು ಬೇರೆ ಬೇರೆ ಸಂಕೇತಗಳು. ಕೀಲಿಮಣೆಯಲ್ಲಿ ಕೈಗೆ ಸುಲಭವಾಗಿ ಸಿಕ್ಕುವ ಅನುಸ್ವಾರವನ್ನು ಸೊನ್ನೆಯ ಸ್ಥಾನದಲ್ಲಿ ಒತ್ತಿದವರ ತೇದಿಯನ್ನು ಯಾವ ಭಾಷೆಯೂ ಒಪ್ಪದು, ನೋಡುವವರಿಗಾದರೋ ತಪ್ಪೇ ಕಾಣದು. ಆದಕಾರಣ ಅಂಕಿಗಳನ್ನು ಒಂದು ರೂಪಕ್ಕೆ ತರುವ ಕಾರ್ಯವು ಎಲ್ಲಕ್ಕಿಂತ ಮೊದಲು, ಒಂದೇ ಸ್ಥಳದಲ್ಲಿ, ಬರೆದಿಟ್ಟ ನಿಯಮದಂತೆ ನಡೆಯಬೇಕು. ಅಂಕಿಗಳ ನಡುವೆ ಅಥವಾ ಕೊನೆಯಲ್ಲಿ ಬಂದ ಅನುಸ್ವಾರವನ್ನು ಸೊನ್ನೆಯೆಂದು ತಿದ್ದಬಹುದು, ಆದರೆ ತಿದ್ದಿದ್ದೇವೆಂದು ತುಂಬಿದವರಿಗೆ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು.

ಇಷ್ಟಾದ ಮೇಲೆ ಕೈಗೆ ಬಂದದ್ದು ಒಂದು ಪೂರ್ಣಾಂಕ ಮಾತ್ರ. ಅದು ಶಕವರ್ಷವೆನಿಸಬೇಕಾದರೆ ಇನ್ನೂ ದೂರ ಹೋಗಬೇಕು. ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ ಪ್ರಶಸ್ತಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಅಂಕಿಗಳೇ ಇಲ್ಲ. ಐವತ್ತು, ಆರು, ಐನೂರು ಎಂದು ಪದಗಳನ್ನು ಬಿಡಿಬಿಡಿಯಾಗಿಟ್ಟು ಶಕ 556ನ್ನು ಹೇಳಿದೆ. ಜೊತೆಗೆ ಭಾರತಯುದ್ಧದಿಂದ 3735 ವರ್ಷಗಳು ಸಂದವೆಂದೂ ಹೇಳಿದೆ. ಸಂದ ಕಲಿವರ್ಷಕ್ಕೂ ಸಂದ ಶಕವರ್ಷಕ್ಕೂ ಅಂತರ ಯಾವಾಗಲೂ 3179. ಇಲ್ಲಿ 3735ರಲ್ಲಿ 556ನ್ನು ಕಳೆದರೆ ಸರಿಯಾಗಿ 3179 ಉಳಿಯುತ್ತದೆ. ಎರಡು ಸಾಕ್ಷಿಗಳು ಒಂದನ್ನೊಂದು ಎತ್ತಿಹಿಡಿದಿರುವುದರಿಂದ ಈ ತೇದಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೂ ಅದನ್ನು ಕ್ರಿ.ಶ. 634 ಎಂಬ ಒಂಟಿ ಸಂಖ್ಯೆಯಾಗಿ ಬರೆದಿಡುವುದು ತಪ್ಪು. ಶಕವರ್ಷವು ಚೈತ್ರದಲ್ಲಿ ಮೊದಲಾಗುವುದರಿಂದ ಮಾಘ ಫಾಲ್ಗುಣಗಳು ಮುಂದಿನ ಇಸವಿಗೆ ಬೀಳುತ್ತವೆ. ತಿಂಗಳು ತಿಳಿಯದಿರುವಾಗ ಮೌಲ್ಯವು 634-35 ಎಂಬ ವ್ಯಾಪ್ತಿಯೇ ಆಗಿರಬೇಕು. ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯ ಶಕ 465ಕ್ಕೂ ಇದೇ ನ್ಯಾಯ: 543-44. ವ್ಯಾಪ್ತಿಯನ್ನು ಬಿಂದುವನ್ನಾಗಿ ಸಂಕೋಚಿಸುವ ಅಧಿಕಾರವನ್ನು ಫಾರಮಿಗೆ ಕೊಟ್ಟವರು ಯಾರು?

ಸಾಕ್ಷಿಗಳು ಒಪ್ಪದಿದ್ದಾಗ ಏನು ಮಾಡಬೇಕೆಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಪ್ರಸಿದ್ಧ ಶಾಸನವು ಶಕ 1430 ಸಂದಿತೆಂದೂ ಶುಕ್ಲ ಸಂವತ್ಸರದ ಮಾಘ ಶುದ್ಧ 14 ಎಂದೂ ನಿರ್ದೇಶಿಸುತ್ತದೆ. ದಕ್ಷಿಣದ ಕ್ರಮದಲ್ಲಿ ಸಂದ ಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಉಳಿಯದಿದ್ದರೆ ಅದು ಅರುವತ್ತನೆಯದು. (ಹತ್ತನೆಯ ಶತಮಾನಕ್ಕೆ ಹಿಂದಿನ ಶಾಸನಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಅನ್ವಯಿಸಕೂಡದು.) 1430ಕ್ಕೆ 12 ಕೂಡಿದರೆ 1442, ಶೇಷ 2, ಅದು ವಿಭವ. ಶುಕ್ಲವಾಗಬೇಕಾದರೆ ಶಕವು 1431 ಆಗಿರಬೇಕು. ಈ ವಿರೋಧವನ್ನು ರಾಬರ್ಟ್ ಸಿವೆಲ್ಲರು 1900ರಲ್ಲಿ ಪ್ರಕಟವಾದ ತಮ್ಮ ವಿಜಯನಗರದ ಇತಿಹಾಸದಲ್ಲಿಯೇ ಗುರುತಿಸಿದ್ದಾರೆ. ಸಂವತ್ಸರವನ್ನು ನೆಚ್ಚಿದರೆ ತೇದಿ 1510ರ ಜನವರಿಗೆ ಬರುತ್ತದೆ. ಅಂಕಿಯನ್ನು ನೆಚ್ಚಿದರೆ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ. ಹೀಗಿರುವಲ್ಲಿ, 78ನ್ನು ಕೂಡಿಸುವುದೊಂದನ್ನೇ ಬಲ್ಲ ಅಪ್ಲಿಕೇಷನ್ನು ಸಂವತ್ಸರದ ಹೆಸರನ್ನು ಟಿಪ್ಪಣಿಯ ಚೌಕದಲ್ಲಿ ಕೊಳೆಯಲು ಬಿಟ್ಟು, ತಾನೇ ಒಂದು ತೀರ್ಪನ್ನು ಕೊಟ್ಟುಬಿಡುತ್ತದೆ. ಯಾರೂ ವಾದವನ್ನು ಕೇಳಲಿಲ್ಲ, ತೀರ್ಪು ಮಾತ್ರ ಆಗಿಹೋಯಿತು.

ಸಂವತ್ಸರದ ಹೆಸರಿಗೂ ಟೈಪು ಬೇಕು. ಅದು ಮನಬಂದಂತೆ ಬರೆಯುವ ಪದವಲ್ಲ, ಅರುವತ್ತು ಹೆಸರುಗಳ ಮುಚ್ಚಿದ ಪಟ್ಟಿಯಲ್ಲಿ ಒಂದು. ಶಾಸನಗಳಲ್ಲಿ ಸುಕ್ಲ ಎಂದಿದ್ದರೆ ಶುಕ್ಲಕ್ಕೆ ಹೊಂದಿಸುವ ಪಾಠಾಂತರಗಳ ಕೋಷ್ಟಕವನ್ನು ನಾವೇ ಸಿದ್ಧಪಡಿಸಬಹುದು. ಆದರೆ ಅಕ್ಷರಸಾಮ್ಯವನ್ನು ನೋಡಿ ಹತ್ತಿರದ ಹೆಸರನ್ನು ಯಂತ್ರವೇ ಆರಿಸಲಿ ಎಂದು ಬಿಡುವುದು ಅನರ್ಥಕ್ಕೆ ಹಾದಿ. ವಿಕ್ರಮ 14ನೆಯದು, ವಿಕೃತಿ 24ನೆಯದು, ವಿಕಾರಿ 33ನೆಯದು. ಕ್ರೋಧಿ 38ನೆಯದು, ಕ್ರೋಧನ 59ನೆಯದು. ಸವೆದ ಕಲ್ಲಿನಲ್ಲಿ ಒಂದಕ್ಷರದ ಭ್ರಮೆಯಿಂದ ಇಪ್ಪತ್ತು ವರ್ಷಗಳ ಅಂತರ ಬಿದ್ದೀತು.

ದಿನಾಂಕವೆಂಬ ಸಿದ್ಧ ಟೈಪೊಂದು ಎಲ್ಲ ಭಾಷೆಗಳಲ್ಲಿಯೂ ಇರುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಆ ಸಿದ್ಧ ಟೈಪುಗಳು ಈ ಕಾಲದ ವ್ಯವಹಾರಕ್ಕಾಗಿ ಹುಟ್ಟಿದವು. ಮೈಎಸ್‌ಕ್ಯೂಎಲ್ ದತ್ತಸಂಚಯದ ದಿನಾಂಕವು ಅಧಿಕೃತವಾಗಿ 1000ನೆಯ ಇಸವಿಯಿಂದ ಮಾತ್ರ ಆರಂಭವಾಗುತ್ತದೆ; ಅದರ ಪಾಲಿಗೆ ಬಾದಾಮಿಯ ಚಾಲುಕ್ಯರು ಆಗಿಯೇ ಇಲ್ಲ. ಎಕ್ಸೆಲ್ಲಿನ ದಿನಾಂಕಗಳು 1900ರಿಂದ ಈಚಿನವು. ಜಾವಾಸ್ಕ್ರಿಪ್ಟಿನ ದಿನಾಂಕಕ್ಕೆ ವರ್ಷ, ತಿಂಗಳು, ದಿನಗಳನ್ನು ಬಿಡಿ ಸಂಖ್ಯೆಗಳಾಗಿ ಕೊಟ್ಟಾಗ, ವರ್ಷವು 78 ಎಂದಿದ್ದರೆ ಅದು 1978 ಎಂದು ತಿಳಿದುಕೊಳ್ಳುತ್ತದೆ. ಫೆಬ್ರುವರಿ 30 ಎಂದರೆ ಆಕ್ಷೇಪಿಸದೆ ಮಾರ್ಚಿಗೆ ಉರುಳಿಸುತ್ತದೆ. ಇದೇ ರೀತಿ ಭಾರತದ ವೇಳೆಯಲ್ಲಿ 1956ರ ನವೆಂಬರ್ 1 ಎಂದು ರಚಿಸಿ, ಸರ್ವರಿಗೆ ಕಳುಹಿಸಲು ಜಾಗತಿಕ ವೇಳೆಯ ಅಕ್ಷರರೂಪಕ್ಕೆ ತಿರುಗಿಸಿದರೆ ಅದು ಅಕ್ಟೋಬರ್ 31ರ ಸಂಜೆ ಆರೂವರೆ ಗಂಟೆಯಾಗುತ್ತದೆ. ಗಂಟೆಯ ಭಾಗವನ್ನು ಕತ್ತರಿಸಿ ದಿನವನ್ನು ಮಾತ್ರ ಉಳಿಸಿಕೊಳ್ಳುವ ಅಪ್ಲಿಕೇಷನ್ನಿನಲ್ಲಿ ಕನ್ನಡನಾಡು ಒಂದು ದಿನ ಮುಂಚೆಯೇ ಏಕೀಕರಣಗೊಳ್ಳುತ್ತದೆ!

ಪಂಚಾಂಗಭೇದದ ತೊಡಕು ಇದಕ್ಕಿಂತ ಆಳವಾದುದು. 1582ಕ್ಕೆ ಹಿಂದಿನ ತೇದಿಗಳನ್ನು ಇತಿಹಾಸಕಾರರು ಜೂಲಿಯನ್ ಕ್ರಮದಲ್ಲಿ ಕೊಡುವುದು ಸಂಪ್ರದಾಯ. ಬ್ರಿಟನ್ನು ಹೊಸ ಕ್ರಮಕ್ಕೆ ಬಂದದ್ದು 1752ರಲ್ಲಿ. ಆದರೆ ಜಾವಾಸ್ಕ್ರಿಪ್ಟು, ಪೈಥಾನ್, ಪೋಸ್ಟ್‌ಗ್ರೆಸ್ ಮೊದಲಾದವು ಗ್ರೆಗೋರಿಯನ್ ಕ್ರಮವನ್ನೇ ಹಿಂದಕ್ಕೂ ಎಳೆದುಕೊಂಡು ಹೋಗುತ್ತವೆ. ತಾಳಿಕೋಟೆಯ ಯುದ್ಧಕ್ಕೆ ನಮ್ಮ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವ 1565ರ ಜನವರಿ 23 ಎಂಬ ಜೂಲಿಯನ್ ತೇದಿಯನ್ನು ಹಾಗೆಯೇ ತುಂಬಿ ವಾರವನ್ನು ಕೇಳಿದರೆ ಯಂತ್ರವು ಶನಿವಾರವೆನ್ನುತ್ತದೆ. ನಿಜವಾಗಿ ಆ ತೇದಿ ಮಂಗಳವಾರ. ಹತ್ತು ದಿನಗಳ ಅಂತರ. ಶಾಸನದಲ್ಲಿ ಕೊಟ್ಟ ವಾರವು ಗಣಿತಕ್ಕೆ ಹೊಂದುವುದೇ ಎಂದು ಪರೀಕ್ಷಿಸಿ ಕೂಟಶಾಸನಗಳನ್ನು ಬೇರ್ಪಡಿಸುವ ನಮ್ಮ ಶಾಸ್ತ್ರದಲ್ಲಿ ಇದು ಸಣ್ಣ ವಿಷಯವಲ್ಲ. ಇಂತಹ ಲೆಕ್ಕವನ್ನು ನಂಬಿ ಸಾಚಾ ಶಾಸನವೊಂದನ್ನು ಖೋಟಾ ಎಂದು ತಳ್ಳಿಹಾಕುವ ಸಂಭವವುಂಟು.

ಹಾಗಾದರೆ ಪರಿವರ್ತನೆಯನ್ನು ಎಲ್ಲಿ, ಹೇಗೆ ನಡೆಸಬೇಕು? ಹೆಬ್ಬಾಗಿಲಿನಲ್ಲಿ, ಒಂದೇ ಸಲ, ಎಂಬುದು ಬಲ್ಲವರ ಅಭಿಪ್ರಾಯ. ಅಲೆಕ್ಸಿಸ್ ಕಿಂಗ್ ಎಂಬುವರು 2019ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನು ಸಮರ್ಥವಾಗಿ ಪ್ರತಿಪಾದಿಸಿದ್ದಾರೆ. ಅವರ ವಾದದ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಂದ ಸರವನ್ನು ಪರೀಕ್ಷಿಸಿ ಸರಿಯಿದೆಯೆಂದು ತಲೆದೂಗಿ, ಮತ್ತೆ ಅದೇ ಸರವನ್ನು ಒಳಗೆ ಬಿಟ್ಟರೆ ಪರೀಕ್ಷೆಯ ಫಲವು ಅಲ್ಲಿಯೇ ನಷ್ಟವಾಗುತ್ತದೆ; ಒಳಗಿನ ಪ್ರತಿಯೊಂದು ಭಾಗವೂ ಪುನಃ ಪರೀಕ್ಷಿಸಬೇಕಾಗುತ್ತದೆ, ಯಾವುದೋ ಒಂದು ಮರೆಯುತ್ತದೆ. ಪರೀಕ್ಷೆಯ ಫಲವು ಹೊಸ ಟೈಪಿನ ಮೌಲ್ಯವಾಗಿಯೇ ಹೊರಬಂದರೆ ಒಳಗಿನವರು ನಿಶ್ಚಿಂತರಾಗಿರಬಹುದು. ಟೈಪ್‌ಸ್ಕ್ರಿಪ್ಟಿನಲ್ಲಿ ಸಂಖ್ಯೆ ಎಂದು ಬರೆದುಕೊಂಡ ಮಾತ್ರಕ್ಕೆ ಬಂದದ್ದು ಸಂಖ್ಯೆಯಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು. ಆ ಟೈಪುಗಳು ಕ್ರಮವಿಧಿಯನ್ನು ಸಿದ್ಧಪಡಿಸುವಾಗ ಮಾತ್ರ ಇದ್ದು, ನಡೆಸುವಾಗ ಅಳಿಸಿಹೋಗಿರುತ್ತವೆ. ಆದುದರಿಂದಲೇ ಜ಼ಾಡ್ ಮೊದಲಾದ ಸಾಧನಗಳು ನಡೆಯುವ ವೇಳೆಯಲ್ಲಿಯೇ ಸರವನ್ನು ಓದಿ, ಮೌಲ್ಯವನ್ನಾಗಲಿ ದೋಷಗಳ ಪಟ್ಟಿಯನ್ನಾಗಲಿ ಕೊಡುತ್ತವೆ. ಬ್ರೌಸರಿನಲ್ಲಿ ನಡೆಸುವ ಪರೀಕ್ಷೆ ತುಂಬುವವರ ಅನುಕೂಲಕ್ಕಷ್ಟೆ. ಅದನ್ನು ಬದಿಗಿಟ್ಟು ನೇರವಾಗಿ ಸರ್ವರಿಗೆ ಏನನ್ನು ಬೇಕಾದರೂ ಕಳುಹಿಸಬಹುದಾದ ಕಾರಣ, ನಿರ್ಣಾಯಕವಾದ ಪರಿವರ್ತನೆ ಸರ್ವರಿನಲ್ಲಿಯೇ ಆಗತಕ್ಕದ್ದು. ಇನ್ನು ದತ್ತಸಂಚಯಕ್ಕೆ ಕಳುಹಿಸುವಾಗ ಮೌಲ್ಯವನ್ನು ಆದೇಶವಾಕ್ಯದೊಳಗೆ ಅಂಟಿಸದೆ ಪ್ರತ್ಯೇಕ ಪ್ಯಾರಾಮೀಟರಾಗಿ ಕಳುಹಿಸಬೇಕೆಂಬುದು ಬೇರೆಯದೇ ಆದ ರಕ್ಷಣೆ. ಟೈಪು ಇದೆಯೆಂದು ಅದನ್ನು ಬಿಡಬಾರದು.

ಇಂತಹ ಅನರ್ಥ ಇತಿಹಾಸದವರಿಗೆ ಮಾತ್ರ ಮೀಸಲಲ್ಲ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟು ಮೇಲೇರಿದ ಒಂದು ನಿಮಿಷದೊಳಗೆ ನಾಶವಾದದ್ದಕ್ಕೆ, 64 ಬಿಟ್ಟಿನ ದಶಾಂಶಸಂಖ್ಯೆಯೊಂದನ್ನು ಅದು ಹಿಡಿಸದ 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕಲು ಹೋದದ್ದು ಕಾರಣ. ಎಕ್ಸೆಲ್ಲು ಕೆಲವು ಜೀನುಗಳ ಹೆಸರುಗಳನ್ನು ಸೆಪ್ಟೆಂಬರ್, ಮಾರ್ಚ್ ತೇದಿಗಳನ್ನಾಗಿ ಮಾರ್ಪಡಿಸುತ್ತಿದ್ದ ಕಾರಣ, 2020ರಲ್ಲಿ ಜೀನುಗಳಿಗೇ ಹೊಸ ಹೆಸರಿಡಬೇಕಾಯಿತು. ನಾವು ಹಲ್ಮಿಡಿಗೆ ಹೊಸ ಹೆಸರಿಡಲಾಗುವುದಿಲ್ಲವಷ್ಟೆ.

ನಮ್ಮ ಫಾರಮನ್ನು ಈಗ ತಿದ್ದಿಕೊಂಡಿದ್ದೇವೆ. ವಿದ್ಯಾರ್ಥಿ ತುಂಬಿದ ಅಕ್ಷರಗಳು, ಕಲೆ ಕೊಳೆಗಳ ಸಮೇತ, ಒಂದು ಅಂಕಣದಲ್ಲಿ ಯಥಾವತ್ತಾಗಿ ಉಳಿಯುತ್ತವೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಪರಿವರ್ತನೆಯ ಫಲವು ಬೇರೆ ಅಂಕಣಗಳಲ್ಲಿರುತ್ತದೆ: ಶಕಸಂಖ್ಯೆ, ಅದು ಸಂದುದೋ ನಡೆಯುತ್ತಿರುವುದೋ ತಿಳಿಯದೋ ಎಂಬುದು, ಸಂವತ್ಸರ, ಇಸವಿಯ ಮೊದಲ ಮತ್ತು ಕೊನೆಯ ಎಲ್ಲೆಗಳು, ಪಂಚಾಂಗಕ್ರಮ. ತೇದಿಯಿಲ್ಲ ಎಂಬುದಕ್ಕೂ, ತೇದಿಯಿದೆ ಆದರೆ ಸವೆದಿದೆ ಎಂಬುದಕ್ಕೂ, ವರದಿಗಾರ ತುಂಬಲು ಮರೆತ ಎಂಬುದಕ್ಕೂ ಪ್ರತ್ಯೇಕ ಸ್ಥಾನಗಳಿವೆ. ಇವು ಮೂರೂ ಖಾಲಿಯೆಂಬ ಒಂದೇ ಮುಸುಕಿನಲ್ಲಿ ಅಡಗಿದ್ದುದೇ ಮೊದಲಿನ ರೋಗ. ತುಂಬುವ ಕೆಲಸ ಇದರಿಂದ ನಿಧಾನವಾಗಿದೆಯೆಂದು ವಿದ್ಯಾರ್ಥಿಗಳು ಗೊಣಗುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಫೋನಿನಲ್ಲಿ ತುಂಬುವವರ ಗೊಣಗಾಟ ಅನ್ಯಾಯವೆಂದು ನಾವು ಹೇಳಲಾರೆವು. ಆದ್ದರಿಂದ ಸಂದಿಗ್ಧವಾದುದನ್ನು ಫಾರಮು ತಡೆದು ನಿಲ್ಲಿಸುವುದಿಲ್ಲ. ಸಂದಿಗ್ಧವೆಂಬ ಗುರುತಿನೊಡನೆ ಸ್ವೀಕರಿಸಿ, ವಿಭಾಗದಲ್ಲಿ ಒಬ್ಬರು ನೋಡುವವರೆಗೆ ನಕ್ಷೆ ಕೋಷ್ಟಕಗಳಿಂದ ಹೊರಗಿಡುತ್ತದೆ.

ಆ ವಿದ್ಯಾರ್ಥಿನಿಯ ನಕ್ಷೆಯಲ್ಲಿ ಒಂದನೆಯ ಶತಮಾನದ ಕಂಬ ಈಗಿಲ್ಲ. ಅದರ ಬದಲು ಬಲತುದಿಯಲ್ಲಿ ತೇದಿ ತಿಳಿಯದವು ಎಂಬ ಕಂಬವೊಂದು ಬಂದಿದೆ, ಮಿಕ್ಕವೆಲ್ಲಕ್ಕಿಂತ ಎತ್ತರವಾಗಿ. ಪ್ರಯೋಗಕ್ಕೆಂದು ನಾವೇ ತುಂಬಿದ ಹಂಪೆಯ ಶಾಸನದ ದಾಖಲೆಯಲ್ಲಿ ಶಕ 1430 ಎಂಬುದೂ ಇದೆ, ಶುಕ್ಲ ಎಂಬುದೂ ಇದೆ. ಇಸವಿಯ ಎಲ್ಲೆಗಳು 1509 ಮತ್ತು 1510. ಪಕ್ಕದಲ್ಲಿ ಅಂಕಿಗೂ ಸಂವತ್ಸರಕ್ಕೂ ಹೊಂದಿಕೆಯಿಲ್ಲವೆಂಬ ಗುರುತು.